ಮತಾಂತರದ ಲೆಕ್ಕ ಬಿಡಿ, ಮೊಮ್ಮಕ್ಕಳ ಲೆಕ್ಕ ಹೇಳಿ: ಕೊಡಗಿನ ಸಭೆಗಳ ಮುಂದಿರುವ ಪ್ರಶ್ನೆ

ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ 2025ರ ಸೆಪ್ಟೆಂಬರ್ 22ರಂದು ಶುರುವಾಯಿತು. ಜಗಳ ಅದಕ್ಕೂ ಮೊದಲೇ ಶುರುವಾಗಿತ್ತು. ಜಾತಿಗಳ ಪಟ್ಟಿಯಲ್ಲಿ ಕೆಲವು ಹೆಸರುಗಳ ಜೊತೆ 'ಕ್ರಿಶ್ಚಿಯನ್' ಎಂಬ ಪದ ಸೇರಿಕೊಂಡಿತ್ತು. ಇದು ಮತಾಂತರಕ್ಕೆ ಕೊಟ್ಟ ಕುಮ್ಮಕ್ಕು ಅಂತ ಕೆಲವರು ರೇಗಿದರು. ಇರುವ ಜನರನ್ನು ಇದ್ದ ಹಾಗೆ ಬರೆದುಕೊಂಡರೆ ತಪ್ಪೇನು ಅಂತ ಇನ್ನು ಕೆಲವರು ಕೇಳಿದರು. ಕೊನೆಗೆ ಆಯೋಗ ಆ ಹೆಸರುಗಳನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿತು. ಬೇಕಾದವರು ತಾವೇ ಹೇಳಿ ಬರೆಸಬಹುದು ಎಂದಿತು.

ಕೊಡಗಿನಲ್ಲೂ ಈ ಮಾತು ಹೋಟೆಲಿನ ಟೇಬಲ್ಲಿನಿಂದ ಚರ್ಚಿನ ಅಂಗಳದವರೆಗೆ ಓಡಾಡಿತು. ಬೈದವರ ಕಣ್ಣೂ ಸಮರ್ಥಿಸಿದವರ ಕಣ್ಣೂ ಒಂದೇ ಕಡೆ ಇತ್ತು. ಎಷ್ಟು ಜನ ಆ ಕಡೆ ಹೋದರು, ಅಷ್ಟೇ. ಒಬ್ಬರು ದೀಕ್ಷಾಸ್ನಾನ ಪಡೆದು ನೀರಿನಲ್ಲಿ ಮುಳುಗಿ ಎದ್ದ ದಿನದ ಬಗ್ಗೆ ಇಷ್ಟೊಂದು ಮಾತಾಡುತ್ತೇವೆ. ಅವರ ಮೊಮ್ಮಗಳು ಇವತ್ತು ಆ ಸಭೆಯಲ್ಲಿ, ಅಂದರೆ ಆ ಕ್ರೈಸ್ತ ಸಮುದಾಯದಲ್ಲಿ, ಇದ್ದಾಳಾ, ಇದ್ದರೆ ಅವಳ ಮಾತಿಗೆ ಅಲ್ಲಿ ಬೆಲೆ ಇದೆಯಾ ಅಂತ ಕೇಳುವವರು ಕಡಿಮೆ. ಕೊಡಗಿನ ಇನ್ನೂರಕ್ಕೂ ಜಾಸ್ತಿ ವರ್ಷಗಳ ಕ್ರೈಸ್ತ ಚರಿತ್ರೆಯನ್ನು ನೋಡುತ್ತಾ ಹೋದರೆ, ಒಂದು ಸಭೆ ಉಳಿಯಿತೋ ಕರಗಿತೋ ಎಂಬುದನ್ನು ತೀರ್ಮಾನಿಸಿದ್ದು ಈ ಪ್ರಶ್ನೆಯೇ ಅನಿಸುತ್ತದೆ.

2011ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ 5,54,519. ಅದರಲ್ಲಿ ಕ್ರೈಸ್ತರು ನೂರಕ್ಕೆ ಸುಮಾರು ಮೂರು. ಇಡೀ ಕರ್ನಾಟಕದಲ್ಲಿ ಇದು 1.87. ಅಂದರೆ ಕೊಡಗಿನಲ್ಲಿ ಸ್ವಲ್ಪ ಜಾಸ್ತಿ. ಆದರೆ ಈ ಮೂರು ಮಂದಿ ಒಂದೇ ಬಗೆಯವರಲ್ಲ. ವಿರಾಜಪೇಟೆಯ ಕೊಂಕಣಿ ಕಥೋಲಿಕರಿದ್ದಾರೆ. ತೋಟದ ಕೆಲಸಕ್ಕೆ ಬಂದು ಇಲ್ಲೇ ನಿಂತ ತಮಿಳರಿದ್ದಾರೆ. ವಯನಾಡಿನ ಗಡಿ ದಾಟಿ ಬಂದ ಮಲಯಾಳಿಗಳಿದ್ದಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಧರ್ಮಪ್ರಚಾರ ಸಂಸ್ಥೆಯ ಕಾಲದ ಕನ್ನಡ ಪ್ರೊಟೆಸ್ಟೆಂಟರಿದ್ದಾರೆ. ಈಚೆಗೆ ತೋಟದ ಆಳುಗಳ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ ಹುಟ್ಟಿದ ಪೆಂತೆಕೋಸ್ತ್ ಕೂಟಗಳಿವೆ. ಒಬ್ಬರ ಹಾಡು ಇನ್ನೊಬ್ಬರಿಗೆ ಬರುವುದಿಲ್ಲ. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವುದೂ ಅಪರೂಪವೇ.

ರಾಜಕುಮಾರಿ ಮತ್ತು ನಿರಾಶ್ರಿತರು

ಕೊಡಗಿನ ಅತಿ ದೊಡ್ಡ ಸುದ್ದಿಯಾದ ದೀಕ್ಷಾಸ್ನಾನ ನಡೆದದ್ದು ಕೊಡಗಿನಲ್ಲಲ್ಲ, ಲಂಡನ್ನಿನಲ್ಲಿ. 1834ರಲ್ಲಿ ಬ್ರಿಟಿಷರು ಚಿಕ್ಕ ವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿ ಕಾಶಿಗೆ ಕಳಿಸಿದ್ದರು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅದೇ ವರ್ಷ ಹನ್ನೊಂದು ವರ್ಷದ ಹುಡುಗಿಗೆ ದೀಕ್ಷಾಸ್ನಾನವಾಯಿತು. ರಾಣಿ ವಿಕ್ಟೋರಿಯಾ ತಾನೇ ಜ್ಞಾನತಾಯಿಯಾಗಿ (ಗಾಡ್‌ಮದರ್) ನಿಂತು ತನ್ನ ಹೆಸರನ್ನು ಕೊಟ್ಟಳು. ಗೌರಮ್ಮ 1864ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡಳು. ಆ ದೀಕ್ಷಾಸ್ನಾನದಿಂದ ಕೊಡಗಿನಲ್ಲಿ ಒಂದೇ ಒಂದು ಸಭೆಯೂ ಹುಟ್ಟಲಿಲ್ಲ. ಅವಳ ಹಿಂದೆ ಇಲ್ಲಿ ಯಾರೂ ಇರಲಿಲ್ಲ. ಅವಳ ಮುಂದೆಯೂ ಇಲ್ಲಿ ಯಾರೂ ಬರಲಿಲ್ಲ.

ಇದಕ್ಕಿಂತ ಅರವತ್ತು ಎಪ್ಪತ್ತು ವರ್ಷ ಮೊದಲಿನ ಕಥೆ ಬೇರೆ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ತಪ್ಪಿಸಿಕೊಂಡು ಬಂದ ಕೆಲವರಿಗೆ ದೊಡ್ಡ ವೀರರಾಜೇಂದ್ರ ಕೊಡಗಿನಲ್ಲಿ ನೆಲೆ ಕೊಟ್ಟ. 1792ರಲ್ಲಿ ಅವನು ಕಟ್ಟಿಸಿದ ಪೇಟೆಯೇ ವಿರಾಜಪೇಟೆ. ಅಲ್ಲಿಯ ಸಂತ ಅನ್ನಮ್ಮನವರ ಚರ್ಚಿನ ಮೂಲ ಆ ನಿರಾಶ್ರಿತರಲ್ಲಿದೆ. ಜಾಗ ಕೊಟ್ಟವನು ಲಿಂಗಾಯತ ರಾಜ. ಅಲ್ಲಿಗೆ ಸುವಾರ್ತೆ, ಅಂದರೆ ಕ್ರಿಸ್ತನ ಸಂದೇಶ ಸಾರುವವರು ಯಾರೂ ಬಂದಿರಲಿಲ್ಲ, ಯಾರನ್ನೂ ಮತಾಂತರ ಮಾಡಿರಲಿಲ್ಲ. ಗಂಟು ಮೂಟೆ ಕಟ್ಟಿಕೊಂಡು ಓಡಿ ಬಂದವರು ತಮ್ಮ ಜಪಮಾಲೆಯನ್ನೂ ತಂದಿದ್ದರು, ಅಷ್ಟೇ.

ಆ ಸಭೆ ಇವತ್ತಿಗೂ ಇದೆ. ಯಾಕೆ ಉಳಿಯಿತು? ಪಾದ್ರಿಗಳು ವಿರಳವಾಗಿದ್ದ ಕಾಲ ಅದು. ಉಳಿಸಿದ್ದು ಮನೆಯ ಹೆಂಗಸರು ಮತ್ತು ಗುರ್ಕಾರರು ಎಂಬುದು ನನ್ನ ಅಂದಾಜು. ಕೊಂಕಣಿ ಕಥೋಲಿಕರಲ್ಲಿ ಗುರ್ಕಾರ್ ಅಂದರೆ ವಾಳೆಯ, ಅಂದರೆ ಚರ್ಚಿಗೆ ಸೇರಿದ ಒಂದು ಕೇರಿಯ ಮುಖ್ಯಸ್ಥ. ಪಾದ್ರಿಯಲ್ಲ, ಮನೆ ಮಠ ಇರುವ ಗೃಹಸ್ಥ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳಿಗೆ ಸಂಬಂಧ ಬಂದಿದೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಲ್ಲ ಅವನಿಗೆ ಗೊತ್ತು. ಸಂಜೆ ದೀಪ ಹಚ್ಚಿ 'ತೇರ್ಸ್' ಎಂಬ ಜಪಮಾಲೆಯ ಪ್ರಾರ್ಥನೆ ಹೇಳಿಸುವ ಕೆಲಸ ಅಜ್ಜಿಯದು. ಪಾದ್ರಿ ಬದಲಾದರೂ ಬಾರದಿದ್ದರೂ ಈ ಎರಡು ಕೆಲಸ ನಿಲ್ಲುವುದಿಲ್ಲ.

ಆಲ್ಮಂಡದಿಂದ ಆನಂದಪುರಕ್ಕೆ

ಈಗ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿ ಮೋಗ್ಲಿಂಗ್ ಅವರ ಕಥೆಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಹರ್ಮನ್ ಮೋಗ್ಲಿಂಗ್ ಅಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು 1843ರಲ್ಲಿ ಶುರುವಾದ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ. ಆದರೆ ಅವರ ಬದುಕಿನ ಒಂದು ದೊಡ್ಡ ತುಂಡು ಕೊಡಗಿಗೆ ಸೇರಿದ್ದು. ಆಲ್ಮಂಡ ಮನೆಯ ಸೋಮಯ್ಯ ಎಂಬ ಕೊಡವರು ಮಂಗಳೂರಿಗೆ ಬಂದು ಅವರನ್ನು ಕಂಡರು. ದೀಕ್ಷಾಸ್ನಾನ ಪಡೆದು ಸ್ತೆಫನಸ್ ಸೋಮಯ್ಯ ಆದರು. ಅವರು ಊರಿಗೆ ಮರಳಬೇಕಾದಾಗ ಮೋಗ್ಲಿಂಗ್ ಕೂಡ ಹೊರಟರು. 1853ರ ಹೊತ್ತಿಗೆ ಇಬ್ಬರೂ ಕೊಡಗಿನಲ್ಲಿದ್ದರು. ಎರಡು ವರ್ಷದಲ್ಲಿ ಮೋಗ್ಲಿಂಗ್ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ತಂದರು.

ಸೋಮಯ್ಯನವರ ಹಿಂದೆ ಕೊಡವರು ಸಾಲುಗಟ್ಟಿ ಬರುತ್ತಾರೆ ಎಂಬ ನಿರೀಕ್ಷೆ ಇದ್ದರೆ ಅದು ಸುಳ್ಳಾಯಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕೊಡವರಲ್ಲಿ ಒಬ್ಬೊಬ್ಬನೇ ಬದುಕುವುದಿಲ್ಲ, ಒಕ್ಕ ಅಂದರೆ ಇಡೀ ಮನೆತನ ಬದುಕುತ್ತದೆ. ಐನ್‌ಮನೆಯಲ್ಲಿ (ಮನೆತನದ ಮೂಲಮನೆ) ಗುರು ಕಾರಣನಿಗೆ, ಅಂದರೆ ಮೂಲಪುರುಷನಿಗೆ ಮೀದಿ (ಎಡೆ) ಇಡುವುದು, ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ, ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ತೆಗೆಯುವುದು, ವಂಶಪಾರಂಪರ್ಯದ ಜಮ್ಮಾ ಭೂಮಿ ಎಲ್ಲ ಒಕ್ಕದ ಲೆಕ್ಕದಲ್ಲೇ ನಡೆಯುತ್ತದೆ. ಮತ ಬದಲಿಸಿದವನ ಆಸ್ತಿ ಹೋಗಬಾರದು ಅಂತ 1850ರಲ್ಲೇ ಕಂಪನಿ ಸರ್ಕಾರ ಕಾಯ್ದೆ ಮಾಡಿತ್ತು, ನಿಜ. ಆದರೆ ಪುತ್ತರಿಯ ದಿನ ಐನ್‌ಮನೆಯ ನೆಲ್ಲಕ್ಕಿಯಲ್ಲಿ (ಒಳ ಪಡಸಾಲೆ) ಕೂರುವ ಜಾಗವನ್ನು ಯಾವ ಕಾಯ್ದೆ ಕೊಡಿಸುತ್ತದೆ? ಒಬ್ಬನಿಗೆ ಹೇಳಿದ ಸುವಾರ್ತೆ ಒಕ್ಕಕ್ಕೆ ಹೇಳಿದಂತೆ ಆಗಲಿಲ್ಲ. ಹಿರಿಯರನ್ನು ನೆನೆಯುವುದೇ ಧರ್ಮದ ಬೇರಾಗಿರುವ ಕಡೆ, ಹಿರಿಯರನ್ನು ಬಿಟ್ಟು ಬಾ ಅಂದರೆ ಯಾರು ಬರುತ್ತಾರೆ? ಆ ಕಾಲದ ಮಿಷನರಿಗಳಿಗೆ ಈ ಪ್ರಶ್ನೆ ಕೇಳಿಸಿತ್ತು, ಆದರೆ ಉತ್ತರ ಇರಲಿಲ್ಲ ಅನಿಸುತ್ತದೆ.

ಆಮೇಲೆ ಮೋಗ್ಲಿಂಗ್ ಕಣ್ಣು ಜೀತದಲ್ಲಿದ್ದ ದಲಿತ ಕುಟುಂಬಗಳ ಕಡೆ ತಿರುಗಿತು. 1843ರಲ್ಲೇ ಕಾನೂನು ಗುಲಾಮಗಿರಿಗೆ ಮಾನ್ಯತೆ ತೆಗೆದಿತ್ತು. ಕಾಗದದ ಮೇಲೆ ಬಿಡುಗಡೆ ಸಿಕ್ಕಿತ್ತು, ಕಾಲಿಡಲು ನೆಲ ಇರಲಿಲ್ಲ. ಅಂಥವರಿಗಾಗಿ ಅಮ್ಮತ್ತಿ ಕಡೆ ಆನಂದಪುರ ಎಂಬ ಊರು ಹುಟ್ಟಿತು. ಮನೆ, ಚರ್ಚು, ಶಾಲೆ, ಸುತ್ತ ಕಾಫಿ. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಕೊಡಗಿನ ಮೊದಲ ದೊಡ್ಡ ಕಾಫಿ ತೋಟ ತೆರೆದಿದ್ದ. ಅದೇ ದಶಕದಲ್ಲಿ ಸಭೆಯೂ ಕಾಫಿಯ ಜೊತೆಗೇ ಬೆಳೆಯಿತು.

ಇದರಲ್ಲಿ ಬದುಕು ಬದಲಿಸುವ ಶಕ್ತಿ ಇತ್ತು. ಯಾರದೋ ಹೊಲದ ಜೊತೆ ಕೈಬದಲಾಗುತ್ತಿದ್ದ ಜನ ಸ್ವಂತ ಹೆಸರಿನಲ್ಲಿ ಮದುವೆಯಾದರು, ಮಕ್ಕಳನ್ನು ಶಾಲೆಗೆ ಕಳಿಸಿದರು. ಇದನ್ನು 'ಆಮಿಷ' ಎಂಬ ಒಂದು ಪದದಲ್ಲಿ ಮುಗಿಸುವವರು ಆ ಕಾಲದ ಜೀತ ಹೇಗಿತ್ತು ಅಂತ ಒಮ್ಮೆ ಓದಬೇಕು. ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಆನಂದಪುರದಲ್ಲಿ ಧಣಿಯೂ ಪಾದ್ರಿಯೂ ಮೇಷ್ಟ್ರೂ ಮಿಷನ್ನೇ ಆಗಿತ್ತು. ಕೂಲಿ ಕೊಡುವ ಕೈಯಿಂದಲೇ ಪ್ರಭುಭೋಜನದ ರೊಟ್ಟಿ ದ್ರಾಕ್ಷಾರಸವೂ ಬರುತ್ತಿತ್ತು. ಅಂಥ ಕಡೆ ಸಭೆಯೊಳಗೆ ಎದ್ದು ನಿಂತು 'ಅಯ್ಯನವರೇ, ಇದು ಸರಿಯಿಲ್ಲ' ಅನ್ನುವ ಗಂಟಲು ಬೆಳೆಯುವುದು ಕಷ್ಟ. ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ಮರಳಿದರು. ಬೇರೆ ಮಿಷನರಿಗಳು ಬಂದರು. ಊರು ಉಳಿಯಿತು, ಚರ್ಚೂ ಉಳಿಯಿತು. ಆದರೆ ಅಲ್ಲಿಂದ ಸುತ್ತಲ ಹಳ್ಳಿಗಳಿಗೆ ಹಬ್ಬುವ ಅಲೆಯೊಂದು ಏಳಲಿಲ್ಲ.

ಸ್ಥಳೀಯ ನಾಯಕರು ಬೇಕು ಅಂತ ಬಾಸೆಲ್ ಮಿಷನ್ನಿಗೆ ಗೊತ್ತೇ ಇರಲಿಲ್ಲ ಅನ್ನುವಂತಿಲ್ಲ. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು, ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ದೀಕ್ಷೆ ಪಡೆದ ಪಾದ್ರಿಯಾಗಿ ಬಂದರು. ಏಳೇ ವರ್ಷ. ಆದರೆ ಆ ದಾರಿ ಸ್ವಿಟ್ಜರ್ಲೆಂಡಿನ ಮೂಲಕ ಹೋಗುತ್ತಿತ್ತು. ಅಕ್ಷರ ಗೊತ್ತಿದ್ದ ಬ್ರಾಹ್ಮಣ ಹುಡುಗನಿಗೆ ಅದು ದಕ್ಕಿತು. ಆನಂದಪುರದ ಕೂಲಿಯ ಮಗ ಬಹಳ ದೂರ ಹೋದರೆ ಪಾದ್ರಿಯ ಕೈಕೆಳಗೆ ಪಾಠ ಹೇಳುವ ಉಪದೇಶಿಯಾಗಬಹುದಿತ್ತು.

ತಮಾಷೆ ಏನು ಗೊತ್ತಾ? ಮಿಷನ್ನಿನ ಹೆಚ್ಚು ಬಾಳಿಕೆ ಬಂದ ಕೆಲಸ ಸಭೆಯ ಹೊರಗೇ ಆಯಿತು. ಗೇಯೋರ್ಗ್ ರಿಕ್ಟರ್ ಮಡಿಕೇರಿಯ ಸೆಂಟ್ರಲ್ ಶಾಲೆಯ ಮುಖ್ಯಸ್ಥರಾಗಿದ್ದರು. 1870ರಲ್ಲಿ ಕೊಡಗಿನ ಕೈಪಿಡಿ ಬರೆದರು. ಫರ್ಡಿನಾಂಡ್ ಕಿಟೆಲ್ ಕೂಡ ಕೆಲಕಾಲ ಮಡಿಕೇರಿಯಲ್ಲಿದ್ದರು. ಅವರ ನಿಘಂಟು 1894ರಲ್ಲಿ ಬಂತು. ಕೊಡವರು ಶಾಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು, ದೀಕ್ಷಾಸ್ನಾನವನ್ನು ಅಲ್ಲೇ ಬಿಟ್ಟರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಮುಂದೆ ಓದಿದ್ದು ಆ ಸೆಂಟ್ರಲ್ ಹೈಸ್ಕೂಲಿನಲ್ಲೇ. ಇಂದಿಗೂ ಹಾಗೆಯೇ ಅಲ್ವಾ? ಕಾನ್ವೆಂಟಿಗೆ ಸೀಟು ಬೇಕು, ಚರ್ಚಿಗೆ ಕ್ರಿಸ್‌ಮಸ್ ದಿನ ಕೇಕ್ ತಿನ್ನಲು ಹೋದರೆ ಸಾಕು.

ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚನ್ನೂ ಇಲ್ಲಿ ನೆನೆಯಬೇಕು. ವೀರಭದ್ರನ ಗುಡಿ ಇದ್ದ ಜಾಗದಲ್ಲಿ ಬ್ರಿಟಿಷರು 1859ರಲ್ಲಿ ಅದನ್ನು ಕಟ್ಟಿಸಿದರು. ಆಳುವವರ ಚರ್ಚು. ಅವರು ಹೋದ ಮೇಲೆ ಬೆಂಚುಗಳು ಖಾಲಿ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಬಣ್ಣದ ಗಾಜಿನ ಕಿಟಕಿಯ ಕೆಳಗೆ ಹಳೆಯ ಕಲ್ಲಿನ ಮೂರ್ತಿಗಳನ್ನು ಇಟ್ಟಿದ್ದಾರೆ.

ಲೈನ್ ಮನೆಯ ಶನಿವಾರ

ಹಳೆಯದನ್ನು ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಇವತ್ತು ಸುವಾರ್ತೆಯ ಕೆಲಸ ಜೋರಾಗಿ ನಡೆಯುತ್ತಿರುವುದು, ಅದರ ಬಗ್ಗೆ ಗಲಾಟೆಯೂ ಜೋರಾಗಿರುವುದು ತೋಟಗಳ ಲೈನ್ ಮನೆಗಳಲ್ಲಿ. ಅಲ್ಲಿ ಆನಂದಪುರದ ಪ್ರಶ್ನೆಯೇ ಹೊಸ ಬಟ್ಟೆ ತೊಟ್ಟು ಬಂದಿದೆ.

ಸಿದ್ದಾಪುರ, ಪಾಲಿಬೆಟ್ಟ ಕಡೆಯ ಇಂಥ ಕೂಟಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಶನಿವಾರ ಸಂಜೆ, ಕೂಲಿ ಬಟವಾಡೆ ಆಗಿ ಸಂತೆ ಮುಗಿಸಿ ಬಂದ ಮೇಲೆ. ಸಾಲಿನ ಕೊನೆಯ ಮನೆಯ ಮುಂದಿನ ಜಗಲಿ. ನೆಲಕ್ಕೆ ಕಾಫಿ ಒಣಗಿಸುವ ಟಾರ್ಪಾಲು. ಪಾಸ್ಟರ್ ಪೇಟೆಯಿಂದ ಸ್ಕೂಟರಿನಲ್ಲಿ ಬರುತ್ತಾರೆ. ಬೈಬಲ್ಲು ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ. ಹಾಡು ತಮಿಳಿನದು, ಮಾತು ಮಲಯಾಳ ಬೆರೆತ ಕನ್ನಡ. ಮುಂದೆ ಕೂತ ಯರವ ಬುಡಕಟ್ಟಿನ ಅಜ್ಜಿಗೆ ತನ್ನ ಮಾತು ಬಿಟ್ಟರೆ ಉಳಿದದ್ದೆಲ್ಲ ಅರ್ಧಂಬರ್ಧ. ಅವಳು ಬಂದಿರುವುದು ಮೊಣಕಾಲು ನೋವಿಗೆ ಪ್ರಾರ್ಥನೆ ಮಾಡಿಸಲು, ಮತ್ತೆ ಮಗ ಕುಡಿಯುವುದು ಬಿಡಲಿ ಅಂತ. ಅವಳ ಪಕ್ಕ ಮೊಮ್ಮಗಳು. ಹತ್ತನೇ ಕ್ಲಾಸು, ಆಶ್ರಮ ಶಾಲೆಯಲ್ಲಿ ಓದಿದವಳು. ಮೊಬೈಲಿನಲ್ಲಿ ಬೈಬಲ್ ಆ್ಯಪ್ ತೆರೆದು ವಾಕ್ಯ ಓದುವವಳು ಅವಳೇ, ಯಾಕೆಂದರೆ ಆ ಸಾಲಿನಲ್ಲಿ ತಡವರಿಸದೆ ಕನ್ನಡ ಓದಲು ಬರುವುದು ಅವಳೊಬ್ಬಳಿಗೇ. ಓದಿ ಮುಗಿಸಿದ ಮೇಲೆ ಅವಳು ಎಲ್ಲರಿಗೂ ಕಟ್ಟಂಚಾಯ (ಹಾಲಿಲ್ಲದ ಚಹಾ) ಕೊಡುತ್ತಾಳೆ. ವಿವರಣೆ ಪಾಸ್ಟರದು.

ತೋಟದಲ್ಲಿ ಸಾಹುಕಾರರು, ರೈಟರು, ಮೇಸ್ತ್ರಿ, ಆಳು ಅಂತ ಒಂದು ಏಣಿ ಇದೆ. ಎಷ್ಟೋ ಕೂಟಗಳಲ್ಲಿ ಅದೇ ಏಣಿ ಹೆಸರು ಬದಲಿಸಿಕೊಂಡು ನಿಂತಿದೆ. ದೂರದ ಊರಿನಲ್ಲಿ ದೊಡ್ಡ ಪಾಸ್ಟರು, ಪೇಟೆಯಲ್ಲಿ ಸಣ್ಣ ಪಾಸ್ಟರು, ಸಾಲಿನಲ್ಲಿ ಜನ ಸೇರಿಸುವ ಒಬ್ಬ, ಉಳಿದವರು ಆಳುಗಳು. ಆ ಹುಡುಗಿಗೆ ಇಪ್ಪತ್ತೈದು ವರ್ಷವಾದಾಗಲೂ ಅವಳು ವಾಕ್ಯ ಓದಿ ಚಹಾ ಕೊಡುತ್ತಲೇ ಇದ್ದರೆ, ಹೊರಗಿನವರು ಈ ಕೂಟದ ಮೇಲೆ ಹೊರಿಸುವ ಅರ್ಧ ಆರೋಪಕ್ಕೆ ಕೂಟವೇ ಸಾಕ್ಷಿ ಒದಗಿಸಿದಂತೆ. ಅವಳೇ ತನ್ನ ಮಾತಿನಲ್ಲಿ, ಯರವರ ನುಡಿಯಲ್ಲಿ ಎದ್ದು ನಿಂತು ವಿವರಿಸುವ ದಿನ ಬಂದರೆ 'ಯಾರೋ ಬಂದು ತಲೆ ಕೆಡಿಸಿದರು' ಎಂಬ ಮಾತಿಗೆ ಜಾಗವೇ ಉಳಿಯುವುದಿಲ್ಲ.

ಸ್ವತಂತ್ರ ಸಭೆಗಳಲ್ಲಿ ಇನ್ನೊಂದು ರೋಗವಿದೆ. ಜಾಗ ಪಾಸ್ಟರ ಹೆಸರಿನಲ್ಲಿ ಅಥವಾ ಅವರ ಮನೆಯವರೇ ಇರುವ ಟ್ರಸ್ಟಿನ ಹೆಸರಿನಲ್ಲಿ ಇರುತ್ತದೆ. ಹಾಗಾಗಿ ಅಪ್ಪನ ನಂತರ ಮಗ. ಮಗನಿಗೆ ಕರೆ ಬಂದಿದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ಬೈಬಲ್ಲನ್ನು ದಿನಾ ಎತ್ತಿ ಹಿಡಿಯುವವರು ಇದನ್ನು ಮಾಡುವುದು ಆಶ್ಚರ್ಯ. ಯಾಜಕನಾದ ಏಲಿಯ ಮಕ್ಕಳು ಬಲಿಯ ಮಾಂಸವನ್ನೇ ಕಸಿದುಕೊಳ್ಳುವವರಾದರು. ಏಲಿಯ ಕೈಕೆಳಗೆ ಬೆಳೆದ ಸಮುವೇಲನು ತನ್ನ ಮಕ್ಕಳನ್ನು ನ್ಯಾಯಸ್ಥಾಪಕರಾಗಿ ಇಟ್ಟ, ಅವರು ಲಂಚ ತಿಂದರು. ಮೋಶೆಯ ನಂತರ ಬಂದದ್ದು ಮೋಶೆಯ ಮಗನಲ್ಲ, ಯೆಹೋಶುವ. ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಎರಡನೇ ಅಧ್ಯಾಯದಲ್ಲಿ ಒಂದೇ ವಾಕ್ಯದೊಳಗೆ ನಾಲ್ಕು ತಲೆಮಾರು ಇವೆ: ನಾನು, ನೀನು, ನೀನು ಕಲಿಸಬೇಕಾದ ನಂಬಿಗಸ್ತರು, ಅವರು ಕಲಿಸಬೇಕಾದ ಇತರರು. ಆ ಸಾಲಿನಲ್ಲಿ ರಕ್ತಸಂಬಂಧದ ಮಾತಿಲ್ಲ.

ಅದೇ ಪತ್ರದ ಮೊದಲ ಅಧ್ಯಾಯದಲ್ಲಿ ಮನೆಯ ಮಾತು ಬರುತ್ತದೆ. ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿಯಲ್ಲಿ, ಆಮೇಲೆ ತಾಯಿಯಲ್ಲಿ ಇತ್ತು ಅನ್ನುತ್ತಾನೆ ಪೌಲ. ತಂದೆಯ ಸುದ್ದಿಯೇ ಇಲ್ಲ. ಕೊಡಗಿನ ಯಾವ ಸಭೆಗೆ ಹೋದರೂ ಇದೇ ಚಿತ್ರ. ನಂಬಿಕೆ ದಾಟಿಸುವುದು ಹೆಂಗಸರು, ಮೈಕ್ ಹಿಡಿಯುವುದು ಗಂಡಸರು. ಪ್ರೊಟೆಸ್ಟೆಂಟರ ದಕ್ಷಿಣ ಭಾರತ ಸಭೆ (ಸಿಎಸ್‌ಐ) 1976ರಲ್ಲೇ ಮೊದಲ ಮಹಿಳೆಗೆ ಪಾದ್ರಿ ದೀಕ್ಷೆ ಕೊಟ್ಟಿತು. 2013ರಲ್ಲಿ ನಂದ್ಯಾಲದಲ್ಲಿ ಮಹಿಳಾ ಬಿಷಪ್ ಕೂಡ ಬಂದರು. ನಿಯಮದಲ್ಲಿ ಬಾಗಿಲು ತೆರೆದು ಎಷ್ಟು ಕಾಲವಾಯಿತು ನೋಡಿ. ಊರಿನ ಕಮಿಟಿಯಲ್ಲಿ ಮಾತ್ರ ಸ್ತ್ರೀಯರ ಸಂಘದವರಿಗೆ ಇಂದಿಗೂ ಊಟದ ಉಸ್ತುವಾರಿಯೇ ಜಾಸ್ತಿ.

ಕಾನೂನು ನೋಡುವುದು ಒಂದು ದಿನ, ಬದಲಾಗುವುದು ಎರಡು ತಲೆಮಾರು

ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂತು, ಸೆಪ್ಟೆಂಬರಿನಲ್ಲಿ ಕಾಯ್ದೆಯಾಯಿತು. ಮತ ಬದಲಿಸುವವರು ಮೂವತ್ತು ದಿನ ಮೊದಲು ಜಿಲ್ಲಾಡಳಿತಕ್ಕೆ ತಿಳಿಸಬೇಕು. ಬಲವಂತ, ಮೋಸ, ಆಮಿಷ ಸಾಬೀತಾದರೆ 3ರಿಂದ 5 ವರ್ಷ ಜೈಲು. ಮತಾಂತರವಾದವರು ಮಹಿಳೆ, ಅಪ್ರಾಪ್ತರು, ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ 10 ವರ್ಷದವರೆಗೆ. ಮೋಸ ಮಾಡಿಲ್ಲ ಅಂತ ತೋರಿಸುವ ಹೊರೆ ಆರೋಪ ಹೊತ್ತವರದೇ. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಇದನ್ನು ರದ್ದು ಮಾಡಲು ತೀರ್ಮಾನಿಸಿತು. ಇದಕ್ಕೆಲ್ಲ ಹಿನ್ನೆಲೆಯಾಗಿ 1977ರ ಸ್ಟಾನಿಸ್ಲಾಸ್ ತೀರ್ಪು ಇದೆ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಡುತ್ತದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಕೊಡುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಅಂದು ಹೇಳಿತ್ತು.

ಈ ಕಾಯ್ದೆಗೆ ಬೇಕಾಗಿರುವುದು ಒಂದು ತಾರೀಕು. ಇಂಥ ದಿನ ಇಂಥವರು ಬದಲಾದರು ಅಂತ. ಲೈನ್ ಮನೆಯ ಬದುಕಿನಲ್ಲಿ ಅಂಥ ತಾರೀಕು ಸಿಗುವುದೇ ಕಷ್ಟ. ಅಜ್ಜಿ ಪ್ರಾರ್ಥನೆಗೆ ಬರುತ್ತಾಳೆ, ಊರ ದೇವರಿಗೂ ಹರಕೆ ಹೊರುತ್ತಾಳೆ. ಅವಳಿಗೆ ಅದರಲ್ಲಿ ತೊಡಕು ಕಾಣುವುದಿಲ್ಲ. ಮಗಳು ಹಬ್ಬ ಬಿಡುತ್ತಾಳೆ, ಆದರೆ ದೀಕ್ಷಾಸ್ನಾನ ಪಡೆಯುವುದಿಲ್ಲ. ಮೊಮ್ಮಗಳು ಹುಟ್ಟಿದ್ದೇ ಕೂಟದ ಹಾಡಿನ ನಡುವೆ. ಅವಳನ್ನು ಯಾರು, ಯಾವಾಗ ಮತಾಂತರಿಸಿದರು? ಅವಳ ಶಾಲೆಯ ಟಿಸಿಯಲ್ಲಿ ಮಾತ್ರ ಅಜ್ಜಿಯ ಕಾಲದ ಮತವೇ ಇದೆ.

ಆ ಟಿಸಿಯ ಕಾಲಂ ಸಣ್ಣ ವಿಷಯವಲ್ಲ. ಪರಿಶಿಷ್ಟ ಜಾತಿಗಳ ಪಟ್ಟಿಯ 1950ರ ಆದೇಶದ ಪ್ರಕಾರ ಆ ಜಾತಿಯವರು ಕ್ರೈಸ್ತರಾದರೆ ಪರಿಶಿಷ್ಟ ಜಾತಿಯ ಮೀಸಲಾತಿ ಹೋಗುತ್ತದೆ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಈ ತಡೆ ತೆಗೆದರು. ಕ್ರೈಸ್ತರಿಗೆ ತೆಗೆಯಲಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಈ ಬಗ್ಗೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ರಚಿಸಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪುದುಚೇರಿಯ ಒಂದು ಪ್ರಕರಣದಲ್ಲಿ, ಕ್ರೈಸ್ತಳಾಗಿ ನಡೆದುಕೊಳ್ಳುತ್ತಾ ಬರೀ ಮೀಸಲಾತಿಗಾಗಿ ಹಿಂದೂ ಅಂತ ಹೇಳಿಕೊಳ್ಳುವಂತಿಲ್ಲ ಎಂದಿತು. ಯರವರು, ಜೇನುಕುರುಬರಂಥ ಪರಿಶಿಷ್ಟ ಪಂಗಡದವರಿಗೆ ಸದ್ಯ ಈ ತೊಂದರೆ ಇಲ್ಲ. ಆದರೆ ಮತ ಬಿಟ್ಟವರನ್ನು ಪಂಗಡದ ಪಟ್ಟಿಯಿಂದ ತೆಗೆಯಬೇಕು ಎಂಬ ಕೂಗು ದೇಶದ ಹಲವು ಕಡೆ ಎದ್ದಿದೆ.

ಇದರ ಪೆಟ್ಟು ನೇರವಾಗಿ ಬೀಳುವುದು ನಾಯಕತ್ವದ ಮೇಲೆ. ಮೀಸಲಾತಿಯಿಂದ ಓದಿ, ಕೆಲಸ ಹಿಡಿದ ದಲಿತ ಹುಡುಗ ಸಭೆಯಲ್ಲಿ ಬಹಿರಂಗವಾಗಿ ಹೆಸರು ಹೇಳಿಕೊಳ್ಳಲಾರ. ಕಮಿಟಿಗೆ ನಿಲ್ಲಲಾರ, ರಿಜಿಸ್ಟರಿಗೆ ಸಹಿ ಹಾಕಲಾರ. ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋಗುತ್ತಾನೆ. ಓದಿದವನು ಹಿಂದೆ ಸರಿದಾಗ ಮುಂದೆ ಉಳಿಯುವುದು ಹೊರಗಿನಿಂದ ಬಂದ ಪಾಸ್ಟರು. ಆಮೇಲೆ ಹೊರಗಿನವರದೇ ಕಾರುಬಾರು ಅಂತ ಟೀಕೆ ಶುರುವಾಗುತ್ತದೆ. ಕಾನೂನು ಯಾವುದನ್ನು ತಡೆಯಲು ಹೊರಟಿದೆಯೋ ಅದನ್ನೇ ಒಂದು ರೀತಿಯಲ್ಲಿ ಗಟ್ಟಿ ಮಾಡುತ್ತಿದೆ. ಸಭೆಗಳೂ ಸಾಚಾ ಅಲ್ಲ. ಮನೆ ಮನೆಗೆ ಹೋಗಿ ಊರ ದೇವರನ್ನು ಹೀಯಾಳಿಸುವ ಮಾತನ್ನು ಸುವಾರ್ತೆ ಅಂತ ಕರೆಯುವ ಕೆಲವರು ಇದ್ದಾರೆ. ಅವರು ಹಾಕಿದ ಬೆಂಕಿಗೆ ಬೆಂದು ಹೋಗುವವರು ನೂರಾರು ವರ್ಷದಿಂದ ನೆರೆಹೊರೆಯ ಜೊತೆ ನೆಮ್ಮದಿಯಾಗಿರುವ ಹಳೆಯ ಕುಟುಂಬಗಳು.

ಹಳೆಯ ಸಭೆಗಳ ಕಥೆಯೂ ಸುಖದ್ದಲ್ಲ. ಅಲ್ಲಿ ಸಮಸ್ಯೆ ಮೊದಲ ತಲೆಮಾರಿನದಲ್ಲ, ಕೊನೆಯದು. ಒಂದು ಕಾಲಕ್ಕೆ ಏಳೆಂಟು ಮಕ್ಕಳ ಕಥೋಲಿಕ ಮನೆಯಿಂದ ಒಬ್ಬ ಪಾದ್ರಿಯಾಗಲು ಸೆಮಿನರಿಗೆ, ಒಬ್ಬಳು ಸನ್ಯಾಸಿನಿಯಾಗಲು ಕಾನ್ವೆಂಟಿಗೆ ಹೋಗುವುದು ಹೆಮ್ಮೆಯ ಮಾತಾಗಿತ್ತು. ಈಗ ಮನೆಗೆ ಒಂದೋ ಎರಡೋ ಮಕ್ಕಳು. ಇರುವ ಒಬ್ಬ ಮಗನನ್ನು ಯಾರು ಕಳಿಸುತ್ತಾರೆ? ಪಿಯುಸಿ ಮುಗಿದರೆ ಮಂಗಳೂರು, ಮೈಸೂರು, ಬೆಂಗಳೂರು. ಅಲ್ಲಿಂದ ಗಲ್ಫು, ಕೆನಡಾ. ಬೆಂಗಳೂರಿಗೆ ಹೋದವರು ಅಲ್ಲಿಯ ದೊಡ್ಡ ಇಂಗ್ಲಿಷ್ ಸಭೆಗಳಲ್ಲಿ ಗಿಟಾರ್ ಹಿಡಿದು ನಿಲ್ಲುತ್ತಾರೆ. ರಜೆಗೆ ಬಂದಾಗ ಊರ ಚರ್ಚಿನ ಹಳೆಯ ಗೀತೆ ಅವರಿಗೆ ಎಳೆದ ಹಾಗೆ ಅನಿಸುತ್ತದೆ. ಹಿರಿಯರಿಗೆ ಅವರ ಡ್ರಮ್ಮು ಗದ್ದಲ ಅನಿಸುತ್ತದೆ. ಇಬ್ಬರೂ ಸ್ವಲ್ಪ ಸರಿಯೇ, ಬಿಡಿ.

2020ರ ಲಾಕ್‌ಡೌನ್ ಇದಕ್ಕೆ ಇನ್ನೊಂದು ತಿರುವು ಕೊಟ್ಟಿತು. ಚರ್ಚಿನ ಬಾಗಿಲು ಮುಚ್ಚಿದಾಗ ಫೋನಿನಲ್ಲಿ ಪ್ರಸಂಗ (ಬೋಧನೆ) ಕೇಳುವುದು ರೂಢಿಯಾಯಿತು. ಬಾಗಿಲು ತೆರೆದ ಮೇಲೂ ಆ ರೂಢಿ ಹೋಗಲಿಲ್ಲ. ಯೂಟ್ಯೂಬಿನ ಬೋಧಕರ ಮುಂದೆ ಊರಿನ ಪಾದ್ರಿ ಅಯ್ಯನವರ ಪ್ರಸಂಗ ಸಪ್ಪೆ ಕಾಣುತ್ತದೆ. ಆದರೆ 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಗುಡ್ಡ ಜಾರಿದ ಹಾಗೆ ಮತ್ತೆ ಜಾರಿದರೆ, ಕಂಬಳಿ ಹಿಡಿದು ಬರುವವರು ಯೂಟ್ಯೂಬಿನವರಲ್ಲ. ಮೇಲೆ ಹೇಳಿದ ಗುರ್ಕಾರನ ಕೆಲಸ ಇಲ್ಲಿಯೇ ಇದೆ. ಮಾತಿನ ಕೆಲಸವನ್ನು ಫೋನು ಕಸಿದುಕೊಂಡಿದೆ, ಮನೆ ಬಾಗಿಲಿಗೆ ಹೋಗುವ ಕೆಲಸ ಇನ್ನೂ ಖಾಲಿ ಬಿದ್ದಿದೆ. ಕಥೋಲಿಕ ಸಭೆ 2021ರಿಂದ 2024ರವರೆಗೆ ಜಗತ್ತಿನಾದ್ಯಂತ ನಡೆಸಿದ ಸಿನೊಡ್ (ಧರ್ಮಸಭೆಯ ಮಹಾಸಮ್ಮೇಳನ) ಸಮಾಲೋಚನೆಯಲ್ಲಿ ಸಾಮಾನ್ಯ ವಿಶ್ವಾಸಿಗಳ ಪಾತ್ರದ ಬಗ್ಗೆ ಬಹಳ ಮಾತಾಯಿತು. ವರದಿಗಳು ಬಂದವು. ಅದರಲ್ಲಿ ಹೇಳಿದ್ದರಲ್ಲಿ ಎಷ್ಟೋ ವಿಷಯವನ್ನು ಹಳೆಯ ವಾಳೆಗಳ ಗುರ್ಕಾರರು ಸುಮ್ನೆ ಮಾಡಿಕೊಂಡು ಬಂದಿದ್ದರು.

ಈಗ ಕೊಡಗಿನ ತೋಟಗಳಲ್ಲಿ ಇನ್ನೊಂದು ಹೊಸ ಬೆಳವಣಿಗೆ ಕಾಣುತ್ತಿದೆ. ಸ್ಥಳೀಯ ಆಳುಗಳು ಸಿಗುವುದು ಕಡಿಮೆಯಾದ ಮೇಲೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕೆಲಸದವರು ಬರುತ್ತಿದ್ದಾರೆ. ಅವರಲ್ಲಿ ಕೆಲವರು ಟೀ ತೋಟಗಳ ಆದಿವಾಸಿ ಕ್ರೈಸ್ತರು, ಅಜ್ಜನ ಕಾಲದಿಂದಲೂ. ಇಲ್ಲಿ ಅವರಿಗೆ ಯಾರೂ ಸುವಾರ್ತೆ ಸಾರಲಿಲ್ಲ. ಭಾನುವಾರ ಮಧ್ಯಾಹ್ನ ಬಟ್ಟೆ ಒಗೆದು ಹಾಕಿದ ಮೇಲೆ ತಮ್ಮ ಸಾದ್ರಿ ಮಾತಿನಲ್ಲಿ ಹಾಡುತ್ತಾರೆ. ಪಾಸ್ಟರ್ ಇಲ್ಲ. ಅವರಲ್ಲೇ ಓದು ಬರಹ ಬಲ್ಲ ಒಬ್ಬ ಹುಡುಗ ವಾಕ್ಯ ಓದಿ ನಾಲ್ಕು ಮಾತು ಹೇಳುತ್ತಾನೆ. ಪಕ್ಕದ ಸಾಲಿಗೆ ಬರುವ ಪಾಸ್ಟರಿಗೆ ಆ ಮಾತು ಅರ್ಥವಾಗುವುದಿಲ್ಲ, ಪೇಟೆಯ ಹಳೆಯ ಚರ್ಚಿನವರಿಗೆ ಇವರು ಇರುವುದೇ ಅಷ್ಟಾಗಿ ಗೊತ್ತಿಲ್ಲ. ಕೊಯ್ಲು ಮುಗಿದ ಮೇಲೆ ಕೆಲವರು ಊರಿಗೆ ಹೋಗುತ್ತಾರೆ, ಕೆಲವರು ಸಂಸಾರ ಸಮೇತ ಇಲ್ಲೇ ನಿಲ್ಲುತ್ತಾರೆ. ನಿಂತವರ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಯುತ್ತಿದ್ದಾರೆ. ಇನ್ನು ಹತ್ತು ವರ್ಷಕ್ಕೆ ಆ ಮಕ್ಕಳಿಗೆ ಊರ ಚರ್ಚಿನ ಕಮಿಟಿಗೆ ನಿಲ್ಲುವ ವಯಸ್ಸಾಗಿರುತ್ತದೆ. ಅಷ್ಟರೊಳಗೆ ಅವರನ್ನು ಸಂಡೇ ಸ್ಕೂಲಿಗೆ ಕರೆತರುವವರು ಯಾರು ಅಂತ ಈಗಿನ ಕಮಿಟಿಯವರು ಮುಂದಿನ ಮೀಟಿಂಗಿನಲ್ಲೇ ಕೂತು ಮಾತಾಡಬಹುದು.